ಒಂದು ಮಹಿಳಾ ಸಂಘ ಕಟ್ಟಿದ ಆಸ್ಪತ್ರೆ: ಡಾ. ಮುತ್ತುಲಕ್ಷ್ಮಿ ರೆಡ್ಡಿ



ಚೆನ್ನೈನಲ್ಲಿ ನೆಲೆಸಿರುವ ನಮಗೆಲ್ಲ ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆ ಗೊತ್ತು. ಸರ್ದಾರ್ ಪಟೇಲ್ ರಸ್ತೆಯಲ್ಲಿ ಓಡಾಡುವಾಗ ಅದರ ಫಲಕವನ್ನು ನಾವು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಆದರೆ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನ ಜೊತೆಗೆ ಡಬ್ಲ್ಯೂಐಎ ಎಂಬ ಮೂರು ಅಕ್ಷರಗಳೂ ಇರುವುದನ್ನು ಗಮನಿಸಿದ್ದೀರಾ? ಅದು ಯಾವುದೋ ಕಂಪನಿಯ ಹೆಸರಲ್ಲ, ಸರ್ಕಾರದ ಇಲಾಖೆಯೂ ಅಲ್ಲ. ಅದು ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್, ಅಂದರೆ ಭಾರತೀಯ ಮಹಿಳಾ ಸಂಘ. 1917ರಲ್ಲಿ ಇದೇ ಅಡ್ಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್, ಡೊರೊತಿ ಜಿನರಾಜದಾಸ, ಆ್ಯನಿ ಬೆಸೆಂಟ್ ಮೊದಲಾದವರು ಸೇರಿ ಕಟ್ಟಿದ ಸಂಘ. ನಮ್ಮ ಮಹಿಳಾ ವೇದಿಕೆಯಂತೆಯೇ ಅದೂ ಸಭೆ ಸೇರುತ್ತಿದ್ದ, ಭಾಷಣ ಕೇಳುತ್ತಿದ್ದ, ಪತ್ರಿಕೆ ತರುತ್ತಿದ್ದ ಹೆಂಗಸರ ಗುಂಪು. ಆ ಗುಂಪು ಒಂದು ಆಸ್ಪತ್ರೆಯನ್ನೇ ಕಟ್ಟಿ ನಿಲ್ಲಿಸಿತು.

ಈ ಸಲದ ಇ-ಸಂಚಿಕೆಗೆ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಮೂರು ಅಕ್ಷರಗಳು, ಅವುಗಳ ಹಿಂದೆ ನಿಂತಿರುವ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ. ತಮಿಳುನಾಡಿನಲ್ಲಿ ಅವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಬಡ ಗರ್ಭಿಣಿಯರಿಗೆ ಇಲ್ಲಿನ ಸರ್ಕಾರ ಕೊಡುವ ಸಹಾಯಧನದ ಯೋಜನೆಗೆ ಅವರ ಹೆಸರೇ ಇದೆ. ನಮ್ಮ ಮನೆಗೆಲಸದವಳಿಗೆ ಆ ಹಣ ಬಂದಾಗ ಅವಳ ಬಾಯಲ್ಲಿ ಈ ಹೆಸರು ಸಲೀಸಾಗಿ ಬಂತು. ಆದರೆ ಕನ್ನಡದಲ್ಲಿ ಅವರ ಬಗ್ಗೆ ಓದಿದವರು ನಮ್ಮಲ್ಲಿ ಕಡಿಮೆ. ಹಾಗಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಪುದುಕ್ಕೋಟೆಯ ಹುಡುಗಿ

ಮುತ್ತುಲಕ್ಷ್ಮಿಯವರು ಹುಟ್ಟಿದ್ದು 1886ರ ಜುಲೈ 30ರಂದು, ಆಗಿನ ಪುದುಕ್ಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್, ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್, ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಈ ಮದುವೆಗಾಗಿ ತಂದೆಯ ಕಡೆಯವರು ಅವರನ್ನು ದೂರವಿಟ್ಟರು. ಹೀಗಾಗಿ ಮಗು ಮುತ್ತುಲಕ್ಷ್ಮಿ ಬೆಳೆದದ್ದು ತಾಯಿಯ ಬಳಗದ ಒಡನಾಟದಲ್ಲಿ. ಆ ಮನೆಗಳ ಸಂಗೀತವನ್ನೂ ಅವರು ಕೇಳಿದರು, ಆ ಮನೆಯ ಹೆಣ್ಣುಮಕ್ಕಳ ಕಣ್ಣೀರನ್ನೂ ಕಂಡರು. ಮುಂದೆ ಅವರು ಮಾಡಿದ ಕೆಲಸದ ಬೇರು ಅಲ್ಲಿಯೇ ಇದೆ.

ಆ ಕಾಲದಲ್ಲಿ ಹೆಣ್ಣುಮಗು ದೊಡ್ಡವಳಾದ ಕೂಡಲೇ ಶಾಲೆ ಬಿಡಿಸುವುದು ವಾಡಿಕೆ. ಇವರಿಗೂ ಹಾಗೆಯೇ ಆಯಿತು. ಆದರೆ ತಂದೆ ಮನೆಯಲ್ಲೇ ಪಾಠ ಮುಂದುವರಿಸಿದರು. ಮನೆಯಲ್ಲಿ ಓದಿ ಮೆಟ್ರಿಕ್ಯುಲೇಷನ್ ಪಾಸು ಮಾಡಿದ ಹುಡುಗಿಗೆ ಕಾಲೇಜು ಸೇರುವ ಆಸೆ. ಊರಿನಲ್ಲಿ ಇದ್ದದ್ದು ಗಂಡುಮಕ್ಕಳ ಕಾಲೇಜು ಒಂದೇ. ಒಬ್ಬ ಹುಡುಗಿ ಅಲ್ಲಿ ಕುಳಿತರೆ ಹುಡುಗರು ಕೆಟ್ಟುಹೋಗುತ್ತಾರೆಂದು ಊರಿನವರು ಎದ್ದು ನಿಂತರು. ತಾಯಿಯ ಹುಟ್ಟನ್ನು ಎತ್ತಿ ಆಡುವವರೂ ಇದ್ದರು. ಕೊನೆಗೆ ಪುದುಕ್ಕೋಟೆಯ ರಾಜ ಮಾರ್ತಾಂಡ ಭೈರವ ತೊಂಡೈಮಾನ್ ಅವರೇ ಅನುಮತಿ ಕೊಟ್ಟರು. ಆ ಕಾಲೇಜಿನ ಮೊದಲ ವಿದ್ಯಾರ್ಥಿನಿ ಮುತ್ತುಲಕ್ಷ್ಮಿ.

1907ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿಗೆ ಸೇರಿದರು. ಆರೋಗ್ಯ ಅಷ್ಟಕ್ಕಷ್ಟೇ, ಉಬ್ಬಸದ ತೊಂದರೆ ಬೇರೆ. ಆದರೂ ಓದಿನಲ್ಲಿ ಹಿಂದೆ ಬೀಳಲಿಲ್ಲ. 1912ರಲ್ಲಿ ಚಿನ್ನದ ಪದಕಗಳೊಂದಿಗೆ ಪದವಿ ಪಡೆದರು. ಆ ಕಾಲೇಜಿನಿಂದ ವೈದ್ಯಕೀಯ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಅವರೂ ಒಬ್ಬರು. ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೊದಲ ಮಹಿಳಾ ಹೌಸ್ ಸರ್ಜನ್ ಆದರು.

1914ರಲ್ಲಿ ಡಾ. ಸುಂದರ ರೆಡ್ಡಿಯವರೊಡನೆ ಮದುವೆ. ಅವರೂ ಶಸ್ತ್ರವೈದ್ಯರೇ. ಆಗ ಇವರಿಗೆ 27 ವರ್ಷ, ಆ ಕಾಲಕ್ಕೆ ತೀರಾ ತಡ. ಮದುವೆಗೆ ಒಪ್ಪುವ ಮೊದಲು ಇವರೊಂದು ಷರತ್ತು ಹಾಕಿದರು: ತಮ್ಮನ್ನು ಸಮಾನಳೆಂದು ಕಾಣಬೇಕು, ತಮ್ಮ ಇಷ್ಟದ ಕೆಲಸಕ್ಕೆ ಅಡ್ಡ ಬರಬಾರದು. ಸುಂದರ ರೆಡ್ಡಿಯವರು ಒಪ್ಪಿದರು, ಒಪ್ಪಿದಂತೆ ನಡೆದುಕೊಂಡರು. ಅವರಿಗೆ ಇಬ್ಬರು ಗಂಡುಮಕ್ಕಳು, ರಾಮಮೋಹನ್ ಮತ್ತು ಕೃಷ್ಣಮೂರ್ತಿ. ಸಿನಿಮಾ ಪ್ರಿಯರಿಗಾಗಿ ಒಂದು ಮಾತು ಸೇರಿಸುತ್ತೇನೆ: ನಟ ಜೆಮಿನಿ ಗಣೇಶನ್ ಅವರಿಗೆ ಮುತ್ತುಲಕ್ಷ್ಮಿಯವರು ಸೋದರತ್ತೆ.

ತಂಗಿಯ ಸಾವು

1923ರಲ್ಲಿ ಅವರ ತಂಗಿ ಸುಂದರಾಂಬಾಳ್ ಕ್ಯಾನ್ಸರಿನಿಂದ ತೀರಿಕೊಂಡರು. ದೊಡ್ಡ ಕರುಳಿನ ಕೊನೆಯ ಭಾಗದ ಕ್ಯಾನ್ಸರ್ ಅದು. ಮೊದಲಿಗೆ ಅದನ್ನು ಆಮಶಂಕೆ ಎಂದೇ ತಿಳಿದಿದ್ದರು. ನಿಜ ಗೊತ್ತಾಗುವ ಹೊತ್ತಿಗೆ ರೋಗ ಕೈಮೀರಿತ್ತು. ಅಕ್ಕ ಡಾಕ್ಟರು, ಭಾವ ಡಾಕ್ಟರು. ಆದರೂ ಮನೆಯ ಹುಡುಗಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಆ ಕಾಲದ ಮದ್ರಾಸಿನಲ್ಲಿ ಕ್ಯಾನ್ಸರಿಗೆಂದೇ ಒಂದು ಆಸ್ಪತ್ರೆ ಇರಲಿಲ್ಲ.

ಈ ಸಾವು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. 1925ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿಗೆ ಹೆಚ್ಚಿನ ಓದಿಗೆ ಹೋದರು. ಹೆಂಗಸರ ಮತ್ತು ಮಕ್ಕಳ ರೋಗಗಳ ಅಭ್ಯಾಸ ಉದ್ದೇಶವಾಗಿತ್ತು. ಲಂಡನ್ನಿನ ರಾಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ರೋಗಕ್ಕೂ ಚಿಕಿತ್ಸೆ ಇದೆ, ಬೇಗ ಕಂಡುಹಿಡಿದರೆ ಬದುಕಿಸಬಹುದು ಎಂಬುದನ್ನು ಕಣ್ಣಾರೆ ಕಂಡರು. ಇಂಥದ್ದೊಂದು ಆಸ್ಪತ್ರೆ ನಮ್ಮೂರಿನಲ್ಲೂ ಬೇಕು ಎಂಬ ಹಂಬಲ ಅಲ್ಲಿ ಗಟ್ಟಿಯಾಯಿತು. ಅದು ಕೈಗೂಡಲು ಸುಮಾರು 30 ವರ್ಷ ಬೇಕಾಯಿತು.

ಶಾಸನಸಭೆಯಲ್ಲಿ ಒಬ್ಬಳೇ ಹೆಂಗಸು

1926ರಲ್ಲಿ ಮದ್ರಾಸ್ ಪ್ರಾಂತ್ಯದ ಚುನಾವಣೆಗೆ ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಸ್ಪರ್ಧಿಸಿದ್ದರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತಲ್ಲ! ಅವರು ಕೆಲವೇ ಮತಗಳಿಂದ ಸೋತರು. ಮಹಿಳಾ ಸಂಘದವರು ಸುಮ್ಮನಾಗಲಿಲ್ಲ. ಸಭೆಯಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕೆಂದು ಸರ್ಕಾರವನ್ನು ಒತ್ತಾಯಿಸಿ ಮುತ್ತುಲಕ್ಷ್ಮಿಯವರ ಹೆಸರನ್ನು ಮುಂದಿಟ್ಟರು. ಹೀಗೆ ಅವರು ನಾಮಕರಣ ಸದಸ್ಯೆಯಾದರು. ರೋಗಿಗಳನ್ನು ಬಿಟ್ಟು ರಾಜಕೀಯಕ್ಕೆ ಹೋಗಲು ಅವರಿಗೆ ಮೊದಲು ಮನಸ್ಸಿರಲಿಲ್ಲ. 1927ರಲ್ಲಿ ಸದಸ್ಯರೆಲ್ಲ ಒಮ್ಮತದಿಂದ ಅವರನ್ನು ಉಪಾಧ್ಯಕ್ಷೆಯಾಗಿ ಆರಿಸಿದರು. ಬ್ರಿಟಿಷ್ ಭಾರತದಲ್ಲಿ ಶಾಸನಸಭೆಯ ಮೊದಲ ಮಹಿಳಾ ಸದಸ್ಯೆ ಅವರು.

ಅಲ್ಲಿ ಅವರು ಮಾತಾಡಿದ ವಿಷಯಗಳನ್ನು ನೋಡಿದರೆ ಒಬ್ಬ ಡಾಕ್ಟರಮ್ಮ ಶಾಸನಸಭೆಗೆ ಹೋದರೆ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಶಾಲಾ ಮಕ್ಕಳಿಗೆ ವೈದ್ಯಕೀಯ ತಪಾಸಣೆ, ಹೆಂಗಸರಿಗೂ ಮಕ್ಕಳಿಗೂ ಹೆಚ್ಚಿನ ಆಸ್ಪತ್ರೆ ಸೌಲಭ್ಯ, ಬಡ ಹುಡುಗಿಯರಿಗೆ ಶುಲ್ಕದಲ್ಲಿ ವಿನಾಯಿತಿ, ಮದುವೆಯ ವಯಸ್ಸನ್ನು ಹೆಚ್ಚಿಸುವುದು. ಮೂಳೆ ಬಲಿಯದ ಹುಡುಗಿ ತಾಯಿಯಾದರೆ ಹೆರಿಗೆಯಲ್ಲಿ ಏನಾಗುತ್ತದೆಂದು ಅವರು ವಾರ್ಡಿನಲ್ಲಿ ನೋಡಿದ್ದರು. ಆದ್ದರಿಂದ ಬಾಲ್ಯವಿವಾಹದ ವಿರುದ್ಧ ಅವರು ಮಾತಾಡಿದಾಗ ಆ ಮಾತಿನಲ್ಲಿ ವಾರ್ಡಿನ ಅನುಭವದ ತೂಕವಿತ್ತು.

ದೇವದಾಸಿ ಪದ್ಧತಿಯ ವಿರುದ್ಧ ಅವರು ನಡೆಸಿದ ಹೋರಾಟ ಎಲ್ಲಕ್ಕಿಂತ ದೊಡ್ಡದು. ಇಲ್ಲಿ ಒಂದು ಸೂಕ್ಷ್ಮವಿದೆ. ದೇವಸ್ಥಾನದ ಸೇವೆಗಾಗಿ ಈ ಹೆಂಗಸರಿಗೆ ಇನಾಮು ಭೂಮಿ ಇರುತ್ತಿತ್ತು. ಸೇವೆ ಬಿಟ್ಟರೆ ಭೂಮಿಯೂ ಹೋಗುತ್ತಿತ್ತು. ಹಾಗಾಗಿ ಬಿಡಬೇಕೆಂದು ಮನಸ್ಸಿದ್ದವಳಿಗೂ ಬಿಡಲಾಗುತ್ತಿರಲಿಲ್ಲ. 1929ರಲ್ಲಿ ಮುತ್ತುಲಕ್ಷ್ಮಿಯವರ ಪ್ರಯತ್ನದಿಂದ ಬಂದ ತಿದ್ದುಪಡಿ ಈ ಗಂಟನ್ನು ಬಿಚ್ಚಿತು. ಸೇವೆಯ ಕಟ್ಟುಪಾಡಿಲ್ಲದೆ ಭೂಮಿ ಅವಳಲ್ಲೇ ಉಳಿಯುವಂತಾಯಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ತಡೆಯುವ ಮಸೂದೆಯನ್ನು 1930ರಲ್ಲಿ ತಂದರು. ಅದು ಕಾನೂನಾಗಲು 1947ರವರೆಗೆ ಕಾಯಬೇಕಾಯಿತು.

ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಆಗ ಮದ್ರಾಸಿಗೆ ಸೇರಿದ್ದರಿಂದ ಆ ಕಾನೂನು ಕನ್ನಡದ ಹೆಣ್ಣುಮಕ್ಕಳಿಗೂ ಅನ್ವಯಿಸಿತು. ಮೈಸೂರು ಸಂಸ್ಥಾನ 1909ರಷ್ಟು ಹಿಂದೆಯೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು, ಮುತ್ತುಲಕ್ಷ್ಮಿಯವರ ಕಡೆಯವರಿಗೆ ಇದೊಂದು ಒಳ್ಳೆಯ ಉದಾಹರಣೆಯಾಗಿ ಒದಗಿತು. ಆದರೂ ಪದ್ಧತಿ ಪೂರ್ತಿ ಹೋಗಲಿಲ್ಲ. 1982ರಲ್ಲಿ ಕರ್ನಾಟಕ ಮತ್ತೆ ಬೇರೆ ಕಾನೂನು ಮಾಡಬೇಕಾಯಿತು ಎಂಬುದನ್ನು ಮರೆಯಬಾರದು.

ಈ ಕಥೆಗೆ ಇನ್ನೊಂದು ಮುಖವೂ ಇದೆ, ಅದೂ ಕನ್ನಡದ ನಂಟಿನದೇ. ಮಸೂದೆಯನ್ನು ವಿರೋಧಿಸಿದವರಲ್ಲಿ ಮುಂಚೂಣಿಯಲ್ಲಿ ನಿಂತವರು ಬೆಂಗಳೂರು ನಾಗರತ್ನಮ್ಮ. ನಂಜನಗೂಡಿನಲ್ಲಿ ಹುಟ್ಟಿ, ಮದ್ರಾಸಿಗೆ ಬಂದು ದೊಡ್ಡ ಸಂಗೀತಗಾರ್ತಿಯಾಗಿ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯನ್ನು ಕಟ್ಟಿಸಿದ ಮಹಾತಾಯಿ ಅವರು. ಮದ್ರಾಸ್ ಪ್ರಾಂತ್ಯದ ದೇವದಾಸಿಯರ ಸಂಘಕ್ಕೆ ಅವರೇ ಅಧ್ಯಕ್ಷೆ. ದೇವದಾಸಿಯರನ್ನೆಲ್ಲ ವೇಶ್ಯೆಯರೆಂದು ಕರೆಯುವುದು ಅನ್ಯಾಯ, ನಮ್ಮ ಕಲೆ, ನಮ್ಮ ಆಸ್ತಿಯ ಹಕ್ಕು ಏನಾಗಬೇಕು ಎಂಬುದು ಅವರ ವಾದ. ಹೆಣ್ಣಿಗೆ ಆಸ್ತಿಯ ಹಕ್ಕು ಇದ್ದ ಅಪರೂಪದ ಸಮುದಾಯ ಅದು ಎಂಬುದು ಸುಳ್ಳಲ್ಲ. ಮುತ್ತುಲಕ್ಷ್ಮಿಯವರಿಗೆ ಕಾಣುತ್ತಿದ್ದದ್ದು ತಮ್ಮ ಇಷ್ಟ ಕೇಳದೆ ದೇವರಿಗೆ ಬಿಟ್ಟ ಎಳೆಯ ಹುಡುಗಿಯರು, ಆಸ್ಪತ್ರೆಗೆ ಬರುತ್ತಿದ್ದ ಗುಹ್ಯರೋಗಗಳು. ಇಬ್ಬರೂ ಒಂದೇ ಲೋಕವನ್ನು ಎರಡು ಬಾಗಿಲುಗಳಿಂದ ನೋಡಿದವರು. ನನಗೆ ಇಬ್ಬರ ಮೇಲೂ ಗೌರವವಿದೆ. ಆದರೆ ಇಷ್ಟು ಹೇಳಬಲ್ಲೆ: ಎಂಟು-ಹತ್ತು ವರ್ಷದ ಹುಡುಗಿಗೆ ಬೇಡ ಎನ್ನುವ ಶಕ್ತಿ ಇರಲಿಲ್ಲ. ಅವಳ ಪರವಾಗಿ ಯಾರಾದರೂ ಬೇಡ ಎನ್ನಬೇಕಿತ್ತು.

1930ರಲ್ಲಿ ಗಾಂಧೀಜಿಯವರ ಬಂಧನವಾದಾಗ ಮುತ್ತುಲಕ್ಷ್ಮಿಯವರು ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು.

ಅವ್ವೈ ಹೋಂ

ಕಾನೂನು ಬರೆಯುವುದು ಒಂದು, ಬಿಡುಗಡೆಯಾದ ಹುಡುಗಿ ಆ ರಾತ್ರಿ ಎಲ್ಲಿ ಮಲಗಬೇಕು ಎಂಬುದು ಇನ್ನೊಂದು. ದೇವದಾಸಿ ಮನೆತನದಿಂದ ತಪ್ಪಿಸಿಕೊಂಡು ಬಂದ ಮೂವರು ಹುಡುಗಿಯರು ಅವರ ಮನೆಯ ಬಾಗಿಲು ತಟ್ಟಿದರು. ಊರಿನ ಹಾಸ್ಟೆಲ್ಲುಗಳಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಮುತ್ತುಲಕ್ಷ್ಮಿಯವರು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಅಲ್ಲಿಂದ ಶುರುವಾದದ್ದು ಅವ್ವೈ ಹೋಂ. ಅವ್ವೈಯಾರ್ ಎಂಬ ತಮಿಳು ಕವಯಿತ್ರಿಯ ಹೆಸರು ಅದಕ್ಕೆ. ನಮಗೆ ಕೇಳುವಾಗ ಅದು ನಮ್ಮ ಅವ್ವನೇ ಅನ್ನಿಸುತ್ತದೆ, ಆ ಮಕ್ಕಳಿಗೂ ಹಾಗೆಯೇ ಅನ್ನಿಸಿರಬೇಕು. ಮುಂದೆ ಆ ಮನೆ ಅಡ್ಯಾರಿಗೆ ಬಂತು, ಶಾಲೆಗಳು ಬೆಳೆದವು. ಅಲ್ಲಿ ಜಾತಿ ಕೇಳುತ್ತಿರಲಿಲ್ಲ. ಅನ್ನ, ಆಸರೆ ಕೊಟ್ಟು ಕೈತೊಳೆದುಕೊಳ್ಳದೆ, ಹುಡುಗಿಯರು ಟೀಚರಾಗಿಯೋ ನರ್ಸಾಗಿಯೋ ತಮ್ಮ ಕಾಲ ಮೇಲೆ ನಿಲ್ಲಬೇಕೆಂಬುದು ಅವರ ಹಟ.

ಹನ್ನೆರಡು ಹಾಸಿಗೆ

ಇನ್ನು ಆಸ್ಪತ್ರೆಯ ಮಾತಿಗೆ ಬರುತ್ತೇನೆ. 1935ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿಗೆ ನೂರು ವರ್ಷ ತುಂಬಿತು. ಆ ಸಂದರ್ಭದಲ್ಲಿ ಮುತ್ತುಲಕ್ಷ್ಮಿಯವರು ಕ್ಯಾನ್ಸರ್ ಆಸ್ಪತ್ರೆಯ ಆಸೆಯನ್ನು ಎಲ್ಲರ ಮುಂದಿಟ್ಟರು. ಮಾತು ಅಲ್ಲಿಗೇ ನಿಂತಿತು. ಯುದ್ಧ ಬಂತು, ಸ್ವಾತಂತ್ರ್ಯ ಬಂತು. ಕಾಲರಾ, ಸಿಡುಬು, ಕ್ಷಯಗಳೇ ದೊಡ್ಡ ಚಿಂತೆಯಾಗಿದ್ದ ಕಾಲ. ಕ್ಯಾನ್ಸರ್ ಬಂದವರು ಹೇಗೂ ಉಳಿಯುವುದಿಲ್ಲ, ಅದಕ್ಕೆ ಹಣ ಯಾಕೆ ಎಂಬ ಮನೋಭಾವ ಅಧಿಕಾರದಲ್ಲಿದ್ದವರಲ್ಲೂ ಇತ್ತು, ಕೆಲವು ವೈದ್ಯರಲ್ಲೂ ಇತ್ತು.

ಸರ್ಕಾರ ಕೈಕೊಟ್ಟಾಗ ಮಹಿಳಾ ಸಂಘ ಕೈಹಿಡಿಯಿತು. 1949ರಲ್ಲಿ ಸಂಘದ ಹೆಸರಿನಲ್ಲಿ ಕ್ಯಾನ್ಸರ್ ಪರಿಹಾರ ನಿಧಿ ಶುರುವಾಯಿತು. ದೊಡ್ಡವರ ದೊಡ್ಡ ದೇಣಿಗೆ, ಸಣ್ಣವರ ಸಣ್ಣ ದೇಣಿಗೆ ಸೇರುತ್ತ ಹೋಯಿತು. 1952ರ ಅಕ್ಟೋಬರ್ 10ರಂದು ಪ್ರಧಾನಿ ನೆಹರು ಶಂಕುಸ್ಥಾಪನೆ ಮಾಡಿದರು. 1954ರ ಜೂನ್ 18ರಂದು ಆಸ್ಪತ್ರೆ ಬಾಗಿಲು ತೆರೆಯಿತು. ಒಂದು ಸಣ್ಣ ಕಟ್ಟಡ, 12 ಹಾಸಿಗೆ. ಆಗ ಮುತ್ತುಲಕ್ಷ್ಮಿಯವರಿಗೆ 67 ದಾಟಿತ್ತು. ನಮ್ಮಲ್ಲಿ ಆ ವಯಸ್ಸಿಗೆ ಹೆಂಗಸರು ಮೊಮ್ಮಕ್ಕಳನ್ನು ಶಾಲೆ ಬಸ್ಸಿಗೆ ಹತ್ತಿಸಿ ಕಾಲುನೋವು ಎನ್ನುತ್ತಾ ಕೂರುತ್ತೇವೆ.

ಆಸ್ಪತ್ರೆಯ ಹೊಣೆ ಹೊತ್ತವರು ವಿದೇಶದಲ್ಲಿ ತರಬೇತಿ ಪಡೆದು ಬಂದಿದ್ದ ಮಗ ಡಾ. ಕೃಷ್ಣಮೂರ್ತಿ. 1955ರಲ್ಲಿ ಡಾ. ವಿ. ಶಾಂತಾ ಬಂದು ಸೇರಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಆಯ್ಕೆಯಾಗಿದ್ದ ಯುವತಿ, ಎಲ್ಲರೂ ಬೇಡವೆಂದರೂ ಈ ಪುಟ್ಟ ಆಸ್ಪತ್ರೆಯನ್ನು ಆರಿಸಿಕೊಂಡರು. 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಆ ಆವರಣದಲ್ಲೇ ಕಳೆಯಿತು. ಮ್ಯಾಗ್ಸೆಸೆ ಪ್ರಶಸ್ತಿ, ಪದ್ಮವಿಭೂಷಣ ಎಲ್ಲ ಅಲ್ಲಿಗೇ ಹುಡುಕಿಕೊಂಡು ಬಂದವು.

1957ರಲ್ಲಿ ಕೆನಡಾ ದೇಶದ ಕೊಡುಗೆಯಾಗಿ ಕೋಬಾಲ್ಟ್-60 ಯಂತ್ರ ಬಂತು. ಅದಕ್ಕೂ ಮೊದಲು ಹೊರಗಿನಿಂದ ಕೊಡುತ್ತಿದ್ದ ಎಕ್ಸ್‌ರೇ ಚಿಕಿತ್ಸೆಯಲ್ಲಿ ಕಿರಣದ ಪ್ರಮಾಣ ಚರ್ಮದ ಮೇಲೆಯೇ ಅತಿ ಹೆಚ್ಚಾಗಿ ಬಿದ್ದು ಚರ್ಮ ಸುಡುತ್ತಿತ್ತು. ಕೋಬಾಲ್ಟಿನ ಗಾಮಾ ಕಿರಣ ಇನ್ನೂ ಒಳಗೆ ಇಳಿಯುತ್ತದೆ, ಚರ್ಮ ಅಷ್ಟು ಸುಡುವುದಿಲ್ಲ. ಗರ್ಭಕೊರಳಿನಂಥ ಒಳಗಿನ ಭಾಗದ ಕ್ಯಾನ್ಸರಿಗೆ ಇದು ವರವಾಯಿತು. ಆ ಕಾಲದಲ್ಲಿ ನಮ್ಮ ಕಡೆಯ ಹೆಂಗಸರಲ್ಲಿ ಅತಿ ಹೆಚ್ಚು ಕಾಣುತ್ತಿದ್ದದ್ದೂ ಅದೇ.

ಬಂದ ರೋಗಿಗಳಿಗೆ ಮದ್ದು ಕೊಟ್ಟರೆ ಸಾಲದು ಎಂಬುದು ಅಲ್ಲಿನ ವೈದ್ಯರಿಗೆ ಬೇಗ ಅರ್ಥವಾಯಿತು. ಹಳ್ಳಿಯ ಹೆಂಗಸರು ಬರುವ ಹೊತ್ತಿಗೆ ರೋಗ ಬೆಳೆದಿರುತ್ತಿತ್ತು. ಹಾಗಾಗಿ 1960ರ ದಶಕದಲ್ಲೇ ಕಾಂಚೀಪುರದ ಕಡೆಯ ಹಳ್ಳಿಗಳಿಗೆ ಹೋಗಿ ಗರ್ಭಕೊರಳಿನ ತಪಾಸಣೆ ಶುರುಮಾಡಿದರು. ಗರ್ಭಕೊರಳಿನ ಕ್ಯಾನ್ಸರ್ ಒಂದೇ ದಿನದಲ್ಲಿ ಬರುವುದಿಲ್ಲ. ಜೀವಕೋಶಗಳು ಕೆಡಲು ಶುರುವಾಗಿ ಕ್ಯಾನ್ಸರ್ ಆಗುವುದಕ್ಕೆ ಹಲವು ವರ್ಷ ಹಿಡಿಯುತ್ತದೆ. ಆ ನಡುವೆ ಒಂದು ಸಲ ಪರೀಕ್ಷೆ ಮಾಡಿ ಕಂಡುಹಿಡಿದರೂ ಸಣ್ಣ ಚಿಕಿತ್ಸೆಯಲ್ಲಿ ಜೀವ ಉಳಿಯುತ್ತದೆ.

ಇನ್ನು ವೈದ್ಯಕೀಯ ಶಿಕ್ಷಣ. ಕ್ಯಾನ್ಸರಿಗೆಂದೇ ತರಬೇತಾದ ವೈದ್ಯರು ದೇಶದಲ್ಲಿ ಬೆರಳೆಣಿಕೆಯಷ್ಟು. ಸಾಮಾನ್ಯ ಸರ್ಜನ್ ಗಡ್ಡೆ ತೆಗೆಯುತ್ತಿದ್ದರು, ಕಿರಣ ಚಿಕಿತ್ಸೆಯವರು ಬೇರೆ, ಔಷಧಿ ಕೊಡುವವರು ಬೇರೆ. 1984ರಲ್ಲಿ ಸಂಸ್ಥೆ ಒಂದು ಕಾಲೇಜನ್ನೇ ತೆರೆದು ಕ್ಯಾನ್ಸರ್ ಔಷಧ ಚಿಕಿತ್ಸೆಯಲ್ಲಿ ಡಿಎಂ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಎಂಸಿಎಚ್ ತರಗತಿಗಳನ್ನು ಶುರುಮಾಡಿತು. ಭಾರತದಲ್ಲಿ ಈ ಪದವಿಗಳು ಮೊದಲು ಬಂದದ್ದು ಅಲ್ಲಿ. ಕಾಲೇಜಿಗೆ ಡಾ. ಮುತ್ತುಲಕ್ಷ್ಮಿಯವರದೇ ಹೆಸರು. ಅಲ್ಲಿ ಕಲಿತವರು ಬೇರೆ ಬೇರೆ ಊರುಗಳಿಗೆ ಹೋಗಿ ಕೆಲಸ ಮಾಡುತ್ತಾರೆ. ಒಂದು ಆಸ್ಪತ್ರೆ ಹಾಸಿಗೆ ಹೆಚ್ಚಿಸಿದರೆ ಆ ಊರಿಗೆ ಲಾಭ. ವೈದ್ಯರನ್ನು ತಯಾರು ಮಾಡಿದರೆ ನೂರು ಊರಿಗೆ ಲಾಭ. ಆ 12 ಹಾಸಿಗೆ ಈಗ 500 ದಾಟಿದೆ. ಹಣ ಕಟ್ಟುವವರ ಹಾಸಿಗೆಗಳ ಜೊತೆಗೆ ಬಡವರಿಗೆ ಉಚಿತ ಹಾಸಿಗೆಗಳೂ ಇವೆ. ಇವತ್ತಿಗೂ ಅದು ಲಾಭಕ್ಕಲ್ಲದೆ ದತ್ತಿಯ ಮೇಲೆ ನಡೆಯುವ ಸಂಸ್ಥೆ.

ನಾನು ಕಂಡದ್ದು

ಕೆಲವು ವರ್ಷಗಳ ಹಿಂದೆ ಬಳ್ಳಾರಿಯಿಂದ ನಮ್ಮ ಚಿಕ್ಕಮ್ಮ ಚಿಕಿತ್ಸೆಗೆಂದು ನಮ್ಮ ಮನೆಗೆ ಬಂದಿದ್ದರು. ಎದೆಯಲ್ಲಿ ಗಂಟು. ಅದನ್ನು ಕೈಗೆ ಸಿಕ್ಕಿದ ದಿನದಿಂದ ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ಗಂಡಸು ಡಾಕ್ಟರಿಗೆ ತೋರಿಸಬೇಕಲ್ಲ ಎಂಬ ನಾಚಿಕೆ, ಮಗಳ ಮದುವೆ ಮಾತುಕತೆ ನಡೆಯುತ್ತಿದೆ, ಮನೆತನದಲ್ಲಿ ಕ್ಯಾನ್ಸರ್ ಇದೆ ಎಂದರೆ ಸಂಬಂಧ ತಪ್ಪೀತು ಎಂಬ ಭಯ. ಅವರ ಜೊತೆ ಅಡ್ಯಾರಿನಲ್ಲಿ ಕಾಯುತ್ತಾ ಕುಳಿತ ದಿನಗಳಲ್ಲಿ ಸುತ್ತಮುತ್ತ ತಮಿಳು, ತೆಲುಗು, ಬಂಗಾಳಿ, ನಮ್ಮ ಬಳ್ಳಾರಿ ಕನ್ನಡ ಎಲ್ಲ ಕೇಳಿಸುತ್ತಿತ್ತು. ಯಾವ ಭಾಷೆಯಲ್ಲಾದರೂ ಹೆಂಗಸರು ಹೇಳುತ್ತಿದ್ದದ್ದು ಒಂದೇ ಕಥೆ: ಗೊತ್ತಿತ್ತು, ಆದರೆ ಹೇಳಲಿಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ. ಅದಕ್ಕೂ ಮೊದಲು ಇಂಥ ರೋಗ ಬಂದ ಕನ್ನಡದ ಹೆಂಗಸರು ಎಲ್ಲಿಗೆ ಹೋಗುತ್ತಿದ್ದರು ಎಂದು ನಾನು ಆ ಬೆಂಚಿನ ಮೇಲೆ ಕುಳಿತು ಯೋಚಿಸಿದ್ದುಂಟು. ಕೆಲವರಾದರೂ ರೈಲು ಹತ್ತಿ ಇಲ್ಲಿಗೆ ಬಂದಿರಬೇಕು. ಹೆಚ್ಚಿನವರು ಎಲ್ಲಿಗೂ ಹೋಗಿರಲಿಕ್ಕಿಲ್ಲ. ಚಿಕ್ಕಮ್ಮನಿಗೆ ಆಪರೇಷನ್ ಆಯಿತು, ಔಷಧಿ, ಕಿರಣ ಎಲ್ಲ ಆಯಿತು. ಈಗ ಚೆನ್ನಾಗಿದ್ದಾರೆ, ಮಗಳ ಮದುವೆಯನ್ನೂ ಮಾಡಿದರು. ಆ ಎಂಟು ತಿಂಗಳು ಮೊದಲೇ ಬಂದಿದ್ದರೆ ಇಷ್ಟು ದೊಡ್ಡ ಆಪರೇಷನ್ ಬೇಕಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಕೊನೆಯ ದಿನಗಳು

1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಬಂತು. 1964ರಲ್ಲಿ ಆತ್ಮಚರಿತ್ರೆ ಪ್ರಕಟವಾಯಿತು. ಕೊನೆಯವರೆಗೂ ಅವ್ವೈ ಹೋಮಿನ ಮಕ್ಕಳ, ಆಸ್ಪತ್ರೆಯ ರೋಗಿಗಳ ಯೋಚನೆ ಬಿಡಲಿಲ್ಲ. 1968ರ ಜುಲೈ 22ರಂದು, 82 ತುಂಬಲು ಇನ್ನೊಂದು ವಾರ ಇರುವಾಗ, ಚೆನ್ನೈನಲ್ಲೇ ತೀರಿಕೊಂಡರು. ಅವರ ಹುಟ್ಟಿದ ದಿನವಾದ ಜುಲೈ 30ನ್ನು ತಮಿಳುನಾಡು ಸರ್ಕಾರ ಆಸ್ಪತ್ರೆ ದಿನವಾಗಿ ಆಚರಿಸುತ್ತದೆ.

ಅವರ ಬದುಕನ್ನು ಓದುವಾಗ ನನಗೆ ಬಹಳ ಹಿಡಿಸಿದ್ದು ಒಂದು ಗುಣ. ಅವರು ತಮ್ಮ ದುಃಖವನ್ನು ತಮ್ಮದಾಗಿಯೇ ಇಟ್ಟುಕೊಳ್ಳಲಿಲ್ಲ. ತಾಯಿಯ ಹುಟ್ಟಿನ ಅವಮಾನ ಕಾನೂನಾಯಿತು. ಬಾಗಿಲಿಗೆ ಬಂದ ಮೂವರು ಹುಡುಗಿಯರ ಅಳು ಒಂದು ಆಶ್ರಯವಾಯಿತು. ತಂಗಿಯ ಸಾವು ಆಸ್ಪತ್ರೆಯಾಯಿತು. ಒಬ್ಬರೇ ಮಾಡಿದ್ದೂ ಅಲ್ಲ, ಪ್ರತಿಸಲವೂ ಹಿಂದೆ ಒಂದು ಹೆಂಗಸರ ಸಂಘವಿತ್ತು.

ನಮ್ಮ ವೇದಿಕೆಯೂ ಒಂದು ಹೆಂಗಸರ ಸಂಘ. ನಾವು ಆಸ್ಪತ್ರೆ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಯುಗಾದಿ, ರಾಜ್ಯೋತ್ಸವ, ದಸರಾ ಗೊಂಬೆ ಎಲ್ಲ ನಡೆಯಲಿ, ಅವು ನಮ್ಮ ಉಸಿರು. ಅದರ ಜೊತೆಗೆ ವರ್ಷಕ್ಕೊಂದು ದಿನ ತಪಾಸಣೆಗೆ ಇಟ್ಟುಕೊಳ್ಳೋಣ. 30 ದಾಟಿದವರು ಗರ್ಭಕೊರಳಿನ ಪರೀಕ್ಷೆಗೆ, 40 ದಾಟಿದವರು ಎದೆಯ ಪರೀಕ್ಷೆಗೆ ನಾಲ್ಕು ಜನ ಸೇರಿ ಹೋಗೋಣ. ಒಬ್ಬೊಬ್ಬರೇ ಹೋಗುವಾಗ ಇರುವ ಅಂಜಿಕೆ ಜೊತೆಯಲ್ಲಿ ಇರುವುದಿಲ್ಲ. 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದವರು ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಬಗ್ಗೆ ತಮ್ಮ ವೈದ್ಯರನ್ನು ಕೇಳಲಿ. ಊರಿನಲ್ಲಿರುವ ಅಮ್ಮ, ಅತ್ತೆ, ಚಿಕ್ಕಮ್ಮಂದಿರಿಗೆ ಫೋನು ಮಾಡಿದಾಗ ಊಟ ಆಯಿತಾ ಎಂದು ಕೇಳಿದಷ್ಟೇ ಸಲೀಸಾಗಿ ತೋರಿಸಿಕೊಂಡಿರಾ ಎಂದು ಕೇಳೋಣ. ನಮ್ಮ ಸಂಘದ ನಿಧಿಯಿಂದ ವರ್ಷಕ್ಕೆ ಒಬ್ಬ ಬಡ ರೋಗಿಯ ಔಷಧಿಗೋ, ನರ್ಸಿಂಗ್ ಓದುವ ಒಬ್ಬ ಹುಡುಗಿಯ ಶುಲ್ಕಕ್ಕೋ ಒಂದು ಪಾಲು ತೆಗೆದಿಡುವ ಬಗ್ಗೆ ಮುಂದಿನ ಸಭೆಯಲ್ಲಿ ಮಾತಾಡೋಣ. ಮೊದಲ ಕಂತನ್ನು ನಾನು ಕೊಡುತ್ತೇನೆ. ಎಷ್ಟು, ಯಾರಿಗೆ, ಹೇಗೆ ಎಂಬುದನ್ನು ನೀವೆಲ್ಲ ಸೇರಿ ತೀರ್ಮಾನಿಸಿ.